ಓತಿಕ್ಯಾತದತ್ತ ನಡೆದ ನನ್ನ ನೌಕರಿ

ನಮ್ಮ ಸಂಸ್ಥೆಗೆ ಕ್ಷೇತ್ರ ಸಹಾಯಕರಾಗಿ ಹೊಸದಾಗಿ ಸೇರುವವರಿಗೆ ಒಂದು ದಪ್ಪ ಕೈಪಿಡಿ ಕೊಡುತ್ತಾರೆ. ಹಾವು ಕಂಡರೆ ಏನು ಮಾಡಬೇಕು, ಬಿಸಿಲು ಬಡಿದರೆ ಏನು ಮಾಡಬೇಕು, ರಜೆ ಬೇಕಾದರೆ ಯಾವ ಅರ್ಜಿ ತುಂಬಬೇಕು, ಎಲ್ಲವೂ ಅದರಲ್ಲಿದೆ. ಓತಿಕ್ಯಾತ ನಿಮ್ಮನ್ನು ಕಂಡೂ ಓಡದೆ ಕೂತರೆ ಏನು ಮಾಡಬೇಕು ಎನ್ನುವುದು ಮಾತ್ರ ಇಲ್ಲ. ಆ ಒಂದು ಪುಟದ ಕೊರತೆಯಿಂದ ನಾನು ಪಟ್ಟ ಪಾಡು ಇನ್ನೊಬ್ಬರಿಗೆ ಬರಬಾರದೆಂದು ಇದನ್ನು ಬರೆಯಲು ಕೂತಿದ್ದೇನೆ.

ನನ್ನ ಹೆಸರು ಮಾಣಿಕಪ್ಪ. ಮೂಲ ಹುಮನಾಬಾದ್ ಕಡೆ. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಜವಾನನ ಕೆಲಸ ಸಿಕ್ಕಿ ಹೈದರಾಬಾದಿಗೆ ಬಂದವನು, ನಾನು ಇಲ್ಲೇ ಬಾಲಾನಗರದಲ್ಲಿ ಬೆಳೆದವನು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಹಿಂದಿ, ಬಸ್ಸು ಹತ್ತಿದರೆ ತೆಲುಗು. ನನ್ನ ಬಡ್ತಿಯ ಕಥೆ ಒಂದು ಸಾಲಿನದು: ಕ್ಷೇತ್ರ ಸಹಾಯಕನಾಗಿ ಸೇರಿದೆ, ಕೂದಲು ಬೆಳ್ಳಗಾದ ಮೇಲೆ ಅದರ ಮೊದಲಿಗೆ ‘ಹಿರಿಯ’ ಎಂದು ಸೇರಿಸಿದರು. ಕೆಲಸ ಬದಲಾಗಲಿಲ್ಲ.

ಕೆಲಸವೆಂದರೆ ಪ್ರಾಣಿಗಳನ್ನು ನೋಡುವುದು. ಅವು ಯಾಕೆ ಹಾಗೆ ನಡೆದುಕೊಳ್ಳುತ್ತವೆ ಎಂದು ವಿಜ್ಞಾನಿಗಳು ಪ್ರಶ್ನೆ ಕೇಳುತ್ತಾರೆ, ಉತ್ತರ ಬರುವವರೆಗೆ ನಾವು ಬಿಸಿಲಲ್ಲಿ ಕೂತಿರುತ್ತೇವೆ. ಕನ್ಯೆ ನೋಡಲು ಹೋದಾಗ ಮಾವನಾಗುವವರು ಏನು ಕೆಲಸ ಎಂದು ಕೇಳಿದರು. ಮಂಗ ನೋಡುತ್ತೇನೆ ಎಂದೆ. ನೋಡಿ ಏನು ಮಾಡುತ್ತೀರಿ ಎಂದರು. ಬರೆದುಕೊಳ್ಳುತ್ತೇನೆ ಎಂದೆ. ಅವರು ಸಂಬಳವನ್ನು ಕೊಡುವವರು ಯಾರು, ಮನುಷ್ಯರೇ ತಾನೇ ಎಂದು ವಿಚಾರಿಸಿದರು. ಮದುವೆಯೇನೋ ಆಯಿತು. ಆದರೆ ಹೆಂಡತಿಯ ತವರಿನಲ್ಲಿ ಇಂದಿಗೂ ನನ್ನನ್ನು ಮಂಗನ ಅಳಿಯ ಎನ್ನುತ್ತಾರೆ, ಪ್ರೀತಿಯಿಂದಲೇ.

ಕೆಲಸ ಕಲಿಸಿದವರು ದೇಸಾಯಿ ಸರ್. ಧಾರವಾಡ ಕಡೆಯವರು, ನಮ್ಮ ವಿಭಾಗದ ಮುಖ್ಯಸ್ಥರು. ಬೈಯುವಾಗ ಅಪ್ಪಟ ಕನ್ನಡದಲ್ಲೇ ಬೈಯುತ್ತಿದ್ದರು, ಪರವೂರಲ್ಲಿ ಅದೂ ಒಂದು ಸಮಾಧಾನ. ನನ್ನ ಮೊದಲ ತಿಂಗಳ ಟಿಪ್ಪಣಿಯಲ್ಲಿ ‘ದೊಡ್ಡ ಮಂಗಕ್ಕೆ ಸಿಟ್ಟು ಬಂತು’ ಎಂದು ಬರೆದಿದ್ದೆ. ಸರ್ ನನ್ನನ್ನು ಕರೆಸಿಕೊಂಡರು.

“ಸಿಟ್ಟು ಎಲ್ಲಿ ಕಂಡಿತ್ರಿ ನಿಮಗ? ಅದರ ಬಣ್ಣ ಏನಿತ್ತು?”

ಹಲ್ಲು ಕಿರಿಯಿತು ಸರ್ ಎಂದೆ. ಹಾಗಾದರೆ ಹಲ್ಲು ಕಿರಿಯಿತು ಎಂದು ಬರೆಯಿರಿ, ಮೈಮೇಲಿನ ಕೂದಲು ಎದ್ದಿದ್ದರೆ ಕೂದಲು ಎದ್ದಿತು ಎಂದು ಬರೆಯಿರಿ, ಸಿಟ್ಟನ್ನು ಮನೆಯಲ್ಲಿಟ್ಟು ಬನ್ನಿ ಎಂದರು. ಕಂಡದ್ದು ಬೇರೆ, ತಿಳಿದುಕೊಂಡದ್ದು ಬೇರೆ ಎಂಬ ಈ ಪಾಠ ನನ್ನ ತಲೆಗೆ ಎಷ್ಟು ಏರಿತೆಂದರೆ ಮನೆಯಲ್ಲೂ ಅದೇ ಚಟವಾಯಿತು. ಒಂದು ದಿನ ನನ್ನ ಹೆಂಡತಿ ಕಸ್ತೂರಬಾಯಿಯ ಕೈಗೆ ನನ್ನ ನೋಟ್‌ಬುಕ್ ಸಿಕ್ಕಿತು. ಅದರಲ್ಲಿ ಹೀಗಿತ್ತು: ‘ಹೆಣ್ಣು, ವಯಸ್ಕ. ಪಾತ್ರೆ ಎರಡು ಸಲ ಕುಕ್ಕಿತು. ಬೆನ್ನು ತಿರುಗಿಸಿ ನಿಂತಿತು. ಕಾರಣ ಕಂಡಿಲ್ಲ.’ ಅವಳು ಅದರ ಕೆಳಗೆ ತನ್ನ ದುಂಡನೆಯ ಅಕ್ಷರದಲ್ಲಿ ಬರೆದಳು: ‘ಗಂಡು, ವಯಸ್ಕ. ರಾತ್ರಿ ಊಟ ಸಿಗಲಿಲ್ಲ. ಕಾರಣ ಕಂಡಿದೆ.’ ಆ ಪುಟ ಸಂಸ್ಥೆಯ ದಫ್ತರದಲ್ಲಿ ಈಗಲೂ ಇರಬೇಕು. ನೋಟ್‌ಬುಕ್ಕಿನ ಹಾಳೆ ಹರಿಯಬಾರದೆಂಬುದು ನಮ್ಮ ನಿಯಮ.

ಆಮೇಲೆ ಕ್ಯಾಮೆರಾಗಳ ಕಾಲ ಬಂತು. ಮರಕ್ಕೆ ಕಟ್ಟಿಬಿಟ್ಟರೆ ಮುಂದೆ ಹಾದುಹೋದದ್ದನ್ನು ತಾನೇ ಚಿತ್ರ ತೆಗೆಯುವ ಡಬ್ಬ. ಇನ್ನು ನಮ್ಮ ಅನ್ನಕ್ಕೆ ಕಲ್ಲು ಬಿತ್ತು ಎಂದು ಹೆದರಿದ್ದೆವು. ಊರಾಚೆಯ ಕುರುಚಲು ಕಾಡಿನಲ್ಲಿ ಕಾಡುಬೆಕ್ಕು ಇದೆಯೇ ಎಂದು ತಿಳಿಯಲು ಒಂದು ಬೇವಿನ ಮರಕ್ಕೆ ಅದನ್ನು ಕಟ್ಟಿ ಬಂದೆ. ವಾರ ಬಿಟ್ಟು ಹೋದರೆ ಡಬ್ಬಕ್ಕೆ ಅರಿಶಿನ ಕುಂಕುಮ ಹಚ್ಚಿ, ಕೆಳಗೆ ಕಾಯಿ ಒಡೆದಿದ್ದರು. ಮರದಲ್ಲಿ ಕೆಂಪು ಕಣ್ಣು ಮಿಟುಕಿಸುವ ದೇವರು ಒಡಮೂಡಿದೆ ಎಂದು ಪಕ್ಕದ ತಾಂಡಾದಲ್ಲಿ ಸುದ್ದಿಯಾಗಿತ್ತು. ಕ್ಯಾಮೆರಾದ ತುಂಬ ಬರೀ ಹಣೆಗಳು. ಕೊನೆಗೆ ಒಂದೇ ಒಂದು ಚಿತ್ರದಲ್ಲಿ ಕಾಡುಬೆಕ್ಕು ಸಿಕ್ಕಿತು, ಭಕ್ತರು ಇಟ್ಟ ನೈವೇದ್ಯದ ಹಾಲು ಕುಡಿಯುತ್ತಿತ್ತು. ನಾನು ಕುಣಿದಾಡಿಬಿಟ್ಟೆ. ದೇಸಾಯಿ ಸರ್ ಚಿತ್ರ ನೋಡಿ ಪಕ್ಕಕ್ಕಿಟ್ಟರು. ಹಾಲಿಗೆ ಬಂದ ಬೆಕ್ಕು ಎಲ್ಲಿಂದ ಬಂತೋ ಯಾರಿಗೆ ಗೊತ್ತು, ಇದು ಲೆಕ್ಕಕ್ಕಿಲ್ಲ ಎಂದರು. ತಿನಿಸು ತೋರಿಸಿ ಕರೆದ ಪ್ರಾಣಿಯ ನಡವಳಿಕೆ ನಡವಳಿಕೆಯೇ ಅಲ್ಲವೆಂದು ಅಂದು ನಾನು ಕಲಿತೆ. ಕಲಿತಿದ್ದೆ ಎಂದುಕೊಂಡಿದ್ದೆ ಎನ್ನುವುದು ಸರಿ.

ಈಗ ಸ್ರವಂತಿಯ ವಿಷಯಕ್ಕೆ ಬರುತ್ತೇನೆ. ನಾನು ನಿವೃತ್ತಿಯಾಗುವುದಕ್ಕೆ ಎರಡು ಮೂರು ವರ್ಷ ಮೊದಲು ನಮ್ಮಲ್ಲಿ ಪಿಎಚ್.ಡಿ.ಗೆ ಸೇರಿದ ತೆಲುಗು ಹುಡುಗಿ. ನನ್ನನ್ನು ಅಂಕಲ್ ಎನ್ನುತ್ತಿದ್ದಳು. ನಮ್ಮಿಬ್ಬರ ಮಾತು ಅರ್ಧ ತೆಲುಗು, ಅರ್ಧ ಹಿಂದಿ, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅವಳ ಪ್ರಶ್ನೆ ಇದು: ಬಂಡೆಯ ಮೇಲೆ ಬದುಕುವ ಓತಿಕ್ಯಾತ ಮನುಷ್ಯ ಎಷ್ಟು ಹತ್ತಿರ ಬಂದರೆ ಓಡುತ್ತದೆ? ಊರೊಳಗಿನವು ಹಳ್ಳಿಯವಕ್ಕಿಂತ ಧೈರ್ಯವಂತವೇ? ನೋಡಲು ಇದು ತಮಾಷೆಯ ಪ್ರಶ್ನೆ. ಆದರೆ ಸುಮ್ಮಸುಮ್ಮನೆ ಓಡುತ್ತಿದ್ದರೆ ಅದಕ್ಕೆ ತಿನ್ನಲು ಹೊತ್ತಿಲ್ಲ, ಹೆಣ್ಣು ಹುಡುಕಲು ಹೊತ್ತಿಲ್ಲ. ಓಡದೇ ಕೂತರೆ ಒಂದು ದಿನ ಯಾರದೋ ಬಾಯಿಗೆ ತುತ್ತು. ಹೈದರಾಬಾದಿನ ಬಂಡೆಗಳೆಲ್ಲ ಒಡೆದು ಮನೆಗಳಾಗುತ್ತಿರುವಾಗ ಆ ಪ್ರಾಣಿ ಈ ಎರಡರ ನಡುವೆ ಹೇಗೆ ದಾರಿ ಕಂಡುಕೊಳ್ಳುತ್ತದೆ ಎನ್ನುವುದು ಅವಳ ಚಿಂತೆ.

ಉತ್ತರ ಕಂಡುಹಿಡಿಯುವ ಬಗೆ ಹೀಗೆ. ಓತಿಕ್ಯಾತದಿಂದ ಮೂವತ್ತು ಹೆಜ್ಜೆ ದೂರ ನಿಲ್ಲಬೇಕು. ನೇರವಾಗಿ, ಸಮನಾದ ಹೆಜ್ಜೆಯಲ್ಲಿ, ಮಾತಾಡದೆ ಅದರತ್ತ ನಡೆಯಬೇಕು. ಅದು ಓಡಿದ ಕ್ಷಣ ಕೈಯಲ್ಲಿರುವ ಮರಳಿನ ಪುಟ್ಟ ಚೀಲವನ್ನು ನಿಂತಲ್ಲೇ ಬೀಳಿಸಬೇಕು. ಆಮೇಲೆ ಎಷ್ಟು ಹೆಜ್ಜೆ ಉಳಿದಿತ್ತೆಂದು ಅಳೆಯಬೇಕು. ನಡೆಯುವವನು ಪ್ರತಿ ಸಲವೂ ಅದೇ ಮನುಷ್ಯನಾಗಿರಬೇಕು, ಅದೇ ಖಾಕಿ ಅಂಗಿ, ಅದೇ ಬೂಟು. ಸ್ರವಂತಿ ದೂರದಲ್ಲಿ ದುರ್ಬೀನು ಹಿಡಿದು ಕೂರುತ್ತಿದ್ದಳು, ನಡೆಯುವವನು ನಾನು. ಎರಡು ವರ್ಷ ಸರ್ಕಾರ ನನಗೆ ಸಂಬಳ ಕೊಟ್ಟದ್ದು ಓತಿಕ್ಯಾತದ ಕಡೆಗೆ ನಡೆದದ್ದಕ್ಕೆ.

ಒಂದೊಂದು ಓತಿಕ್ಯಾತದ ಗುರುತು ಸಿಗಲು ಬಾಲದ ಬುಡಕ್ಕೆ ಬಣ್ಣದ ಪುಟ್ಟ ಮಣಿ ಪೋಣಿಸುತ್ತಿದ್ದೆವು. ಮಣಿ ತರಲು ಬೇಗಂ ಬಜಾರಿಗೆ ಹೋದೆ. ಯಾರಿಗೆ ಎಂದು ಅಂಗಡಿಯವ ಕೇಳಿದ. ಓತಿಕ್ಯಾತಕ್ಕೆ ಎಂದೆ. ಗಂಡೋ ಹೆಣ್ಣೋ ಎಂದು ಕೇಳಿ, ಎರಡಕ್ಕೂ ಆಗುವ ಅಳತೆ ಕೊಟ್ಟ. ಅವನ ಮುಖದ ಒಂದು ಗೆರೆ ಅಲುಗಲಿಲ್ಲ. ಹಿಡಿಯಲು ಉದ್ದನೆಯ ಕೋಲಿನ ತುದಿಗೆ ನೂಲಿನ ಕುಣಿಕೆ. ಅದನ್ನು ಹಿಡಿದು ಬಾಲಾನಗರದಲ್ಲಿ ಮೆಟ್ರೋ ಹತ್ತಲು ಹೋದರೆ ಕಾವಲಿನವ ತಡೆದ. ಇದು ಛಿಪ್ಕಲಿ, ಅಂದರೆ ಹಲ್ಲಿ, ಹಿಡಿಯುವ ಕೋಲು ಎಂದು ಸಂಸ್ಥೆಯ ಗುರುತಿನ ಚೀಟಿ ತೋರಿಸಿದೆ. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ರವಿವಾರ ಬಿಡುವಿದ್ದರೆ ನಮ್ಮ ಮನೆಗೆ ಬರುತ್ತೀರಾ, ಅಡುಗೆಮನೆಯಲ್ಲಿ ನಾಲ್ಕಿವೆ ಎಂದ.

ಹಳ್ಳಿಯ ಜಾಗ ವಿಕಾರಾಬಾದ್ ದಾಟಿ, ಒಂದು ಬಂಡೆಗುಡ್ಡ. ಜೀಪಿನಲ್ಲಿ ಹೋಗುತ್ತಿದ್ದೆವು. ಊರಿನ ಜಾಗ ದಿಲ್‌ಸುಖ್‌ನಗರದಲ್ಲಿ ಮೆಟ್ರೋ ಇಳಿದು ಬಸ್ಸು ಹಿಡಿದು ಹೋಗುವಷ್ಟು ದೂರ. ಅಲ್ಲಿ ದೊಡ್ಡ ವಸತಿ ಸಮುಚ್ಚಯ ಏಳುತ್ತಿತ್ತು, ಅರ್ಧ ಗುಡ್ಡ ಒಡೆದಾಗಿತ್ತು, ಇನ್ನರ್ಧದ ಮೇಲೆ ನಮ್ಮ ಓತಿಕ್ಯಾತಗಳು. ನಾನು ಮೂವತ್ತು ಹೆಜ್ಜೆ ನಡೆಯುವುದು, ಚೀಲ ಬೀಳಿಸುವುದು, ಹುಡುಗಿ ಬಂದು ಟೇಪು ಹಿಡಿಯುವುದು, ಇದನ್ನು ಕಂಡ ಒಬ್ಬ ಬಿಳಿ ಅಂಗಿಯ ಗೃಹಸ್ಥರು ನನ್ನನ್ನು ಪಕ್ಕಕ್ಕೆ ಕರೆದು, ರಸ್ತೆ ಯಾವ ಕಡೆಯಿಂದ ಬರುತ್ತದೆ ಎಂದು ತೆಲುಗಿನಲ್ಲಿ ಮೆಲ್ಲಗೆ ಕೇಳಿದರು. ರಸ್ತೆಯಲ್ಲ ಸ್ವಾಮಿ, ಓತಿಕ್ಯಾತ ಎಂದೆ. ಅರ್ಥವಾಯಿತೆಂಬಂತೆ ಕಣ್ಣು ಹೊಡೆದು ಹೋದರು. ಮುಂದಿನ ವಾರ ಆಚೆ ಬದಿಯ ಖಾಲಿ ಜಾಗದಲ್ಲಿ ‘ರಸ್ತೆ ಪಕ್ಕದ ಪ್ಲಾಟುಗಳು’ ಎಂಬ ಹಲಗೆ ನಿಂತಿತ್ತು. ಆ ರಸ್ತೆ ಇನ್ನೂ ಬಂದಿಲ್ಲ.

ಅಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಯಾದಗಿರಿ ಕಡೆಯ ನಮ್ಮ ಮಂದಿ. ಕಲ್ಲು ಹೊರುವ ಭೀಮವ್ವ ಎಂಬ ಹೆಣ್ಣುಮಗಳು ನನ್ನ ಬಾಯಲ್ಲಿ ಕನ್ನಡ ಕೇಳಿದ ದಿನದಿಂದ ಮಧ್ಯಾಹ್ನದ ಊಟಕ್ಕೆ ನಾನಿರುವ ಬಂಡೆಯ ನೆರಳಿಗೇ ಬರುತ್ತಿದ್ದಳು. ನನ್ನ ಬುತ್ತಿ ಎರಡು ಅಂತಸ್ತಿನ ಸ್ಟೀಲ್ ಡಬ್ಬಿ. ಮೇಲೆ ಜೋಳದ ರೊಟ್ಟಿ, ಕೆಳಗೆ ಶೇಂಗಾ ಹಿಂಡಿ, ಒಂದು ತುಂಡು ಬೆಲ್ಲ, ಜೊತೆಗೆ ಒಂದು ಚಮಚ. ಕೆಳಗಿಟ್ಟರೆ ನಾಯಿಗಳು ಎತ್ತಿಕೊಂಡು ಹೋಗುತ್ತಿದ್ದವಾದ್ದರಿಂದ ಹೆಗಲ ಚೀಲದಲ್ಲಿ ಹಾಕಿಕೊಂಡೇ ನಡೆಯುತ್ತಿದ್ದೆ. ಹಳ್ಳಿಯಲ್ಲಾದರೆ ಅದು ಜೀಪಿನಲ್ಲೇ ಇರುತ್ತಿತ್ತು, ಊಟವೂ ಜೀಪಿನಲ್ಲೇ. ಇದನ್ನು ನಾನು ಎಲ್ಲೂ ಬರೆಯಲಿಲ್ಲ. ಬರೆಯಬೇಕಾದ ವಿಷಯ ಎಂದು ಅನ್ನಿಸಲೂ ಇಲ್ಲ.

ಅಲ್ಲೊಂದು ಗಂಡು ಓತಿಕ್ಯಾತ ಇತ್ತು. ದಫ್ತರದಲ್ಲಿ ಅದರ ಹೆಸರು ಕೆಂಪು-ನೀಲಿ-ಬಿಳಿ, ಮಣಿಗಳ ಲೆಕ್ಕದಲ್ಲಿ. ನಾನು ಪೈಲ್ವಾನ ಎನ್ನುತ್ತಿದ್ದೆ, ಯಾಕೆಂದರೆ ಸದಾ ಮುಂಗಾಲೂರಿ ಮೈಯನ್ನು ಮೇಲೆ ಕೆಳಗೆ ಮಾಡುತ್ತ ದಂಡ ಹೊಡೆಯುತ್ತಿತ್ತು. ಈ ಜಾತಿಯ ಗಂಡು ಎರಡನೇ ವರ್ಷ ಕಾಣುವುದೇ ಅಪರೂಪ, ಪೈಲ್ವಾನ ಕಂಡಿತ್ತು. ಹೆಣ್ಣು ಹುಡುಕುವ ಕಾಲಕ್ಕೆ ಅದರ ಬೆನ್ನು ಕಿತ್ತಳೆ, ಪಕ್ಕೆ ಕಾಡಿಗೆ ಕಪ್ಪು. ಮೊದಮೊದಲು ಎಲ್ಲದರಂತೆ ಓಡುತ್ತಿದ್ದುದು ಬರಬರುತ್ತ ಎರಡೇ ಹೆಜ್ಜೆಯಷ್ಟು ಹತ್ತಿರ ಹೋದರೂ ಕದಲುತ್ತಿರಲಿಲ್ಲ. ಊಟಕ್ಕೆ ಕೂತರೆ ಎದುರಿನ ಕಲ್ಲಿನ ಮೇಲೆ ಅದೂ ಕೂರುತ್ತಿತ್ತು. ಇರುವೆ ಹಿಡಿದು ತಿನ್ನುತ್ತ ನಡುನಡುವೆ ನನ್ನ ಮುಖ ನೋಡುತ್ತಿತ್ತು. ಅದಕ್ಕೆ ನನ್ನ ಗುರುತಿದೆ ಎಂದು ನನಗೆ ಖಾತ್ರಿಯಾಗಿತ್ತು. ನನ್ನ ಮಗಳ ಮದುವೆ ನಿಶ್ಚಯವಾದದ್ದನ್ನು ನೆಂಟರಿಗಿಂತ ಮೊದಲು ಅದಕ್ಕೇ ಹೇಳಿದೆ. ನಗಬೇಡಿ. ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ಪ್ರಾಣಿ ನೋಡಿದವರಿಗೆ ಗೊತ್ತು, ಒಂದಾದರೂ ಪ್ರಾಣಿ ನಮ್ಮನ್ನೂ ನೋಡಲಿ ಎಂಬ ಆಸೆ ಎಷ್ಟು ದೊಡ್ಡದೆಂದು.

ಎರಡು ವರ್ಷದ ಅಂಕಿಗಳು ಕೂಡಿದವು. ಹಳ್ಳಿಯವು ಇಪ್ಪತ್ತು ಹೆಜ್ಜೆಗೇ ಓಡುತ್ತಿದ್ದವು, ಊರಿನವು ಮೂರು, ನಾಲ್ಕು. ಸ್ರವಂತಿ ಕುಣಿಯುವುದೊಂದು ಬಾಕಿ. ಇಷ್ಟು ದೊಡ್ಡ ವ್ಯತ್ಯಾಸ ಯಾರೂ ನಿರೀಕ್ಷಿಸಿರಲಿಲ್ಲ. ಆ ಮಳೆಗಾಲಕ್ಕೆ ಅವಳ ವಿದ್ಯಾರ್ಥಿವೇತನ ಮುಗಿಯುವುದಿತ್ತು, ಅಷ್ಟರೊಳಗೆ ಪ್ರಬಂಧ ಒಪ್ಪಿಸಬೇಕಿತ್ತು. ಅತ್ತ ಉಳಿದರ್ಧ ಗುಡ್ಡವನ್ನು ಒಂದು ತಿಂಗಳಲ್ಲಿ ಒಡೆಯುತ್ತಾರೆಂದು ಗೊತ್ತಾಗಿತ್ತು. ಎಲ್ಲ ಸಮಯಕ್ಕೆ ಸರಿಯಾಗಿ ಮುಗಿಯಿತು ಎಂದು ನಾವಿಬ್ಬರೂ ಖುಷಿಯಲ್ಲಿದ್ದೆವು.

ಆ ವಾರವೇ ಊಟಕ್ಕೆ ಕೂತಾಗ ಭೀಮವ್ವ ರೊಟ್ಟಿ ಮುರಿಯುತ್ತ ಅಂದಳು, “ಯಣ್ಣಾ, ನಿಮ್ಮ ಡಬ್ಬಿ ಸಪ್ಪಳ ಆತಂದ್ರ ಇವು ಬಂದು ಸಾಲಾಗಿ ಕುಂದರ್ತಾವ ನೋಡ್ರಿ. ಥೇಟ್ ನಮ್ಮೂರ ಅಂಗನವಾಡಿ ಮಕ್ಳಿದ್ದಂಗ.”

ಹಾಗಲ್ಲವ್ವಾ, ಅವಕ್ಕೆ ನನ್ನ ಗುರುತು ಎಂದೆ. ಅವಳು ವಾದ ಮಾಡಲಿಲ್ಲ. ನನ್ನ ಖಾಲಿ ಡಬ್ಬಿ ಎತ್ತಿಕೊಂಡು ಬಂಡೆಯ ಆಚೆ ಬದಿಗೆ ಹೋಗಿ ಚಮಚ ಒಳಗಿಟ್ಟು ಅಲ್ಲಾಡಿಸಿದಳು. ನಾನು ಈಚೆಯಿಂದ ನೋಡುತ್ತಿದ್ದೆ. ಬಿರುಕುಗಳಿಂದ ಒಂದೊಂದೇ ತಲೆ ಮೇಲೆದ್ದವು. ಎಲ್ಲ ಆಚೆಗೇ ನೋಡುತ್ತಿದ್ದವು. ಪೈಲ್ವಾನ ಓಡೋಡಿ ಹೋಗಿ ಭೀಮವ್ವನ ಕಾಲ ಹತ್ತಿರ ಕೂತು ದಂಡ ಹೊಡೆಯಿತು.

ಲೆಕ್ಕ ತಾನಾಗಿ ಬಿಡಿಸಿಕೊಂಡಿತು. ನಾನು ಚೆಲ್ಲಿದ ಬೆಲ್ಲದ ಪುಡಿಗೆ ಇರುವೆ, ಇರುವೆಗೆ ಓತಿಕ್ಯಾತ. ಪ್ರತಿ ಸಲ ನಡೆಯುವಾಗಲೂ ನನ್ನ ಹೆಗಲಲ್ಲಿ ಊಟದ ಗಂಟೆ ಬಾರಿಸುತ್ತಿತ್ತು. ಊರಿನ ಓತಿಕ್ಯಾತಗಳ ಧೈರ್ಯವೆಂದು ಸ್ರವಂತಿ ಬರೆದದ್ದೆಲ್ಲ ಕಸ್ತೂರಬಾಯಿ ಕಟ್ಟಿದ ಬುತ್ತಿ. ಹಾಲಿಗೆ ಬಂದ ಬೆಕ್ಕನ್ನು ಕಣ್ಣಾರೆ ಕಂಡಿದ್ದವನು ನಾನು, ಇಲ್ಲಿ ಎರಡು ವರ್ಷ ಅದೇ ಕೆಲಸ ಮಾಡಿದ್ದೆ.

ಮೂರು ದಿನ ಬಾಯಿ ಬಿಡಲಿಲ್ಲ. ಗೊತ್ತಿದ್ದದ್ದು ನನಗೆ ಮತ್ತು ಭೀಮವ್ವನಿಗೆ. ಅವಳಿಗೆ ತೆಲುಗು ಬಾರದು, ಸ್ರವಂತಿಗೆ ಕನ್ನಡ ಬಾರದು. ನನ್ನ ನಿವೃತ್ತಿ ಎರಡು ತಿಂಗಳಲ್ಲಿತ್ತು, ಶಾಲು ಹೊದಿಸಲು ಮಾತಾಗಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಡಬ್ಬಿ ಬೇಡ ಎಂದು ಹಾಗೇ ಹೊರಟೆ. ಮದುವೆಯಾದಾಗಿನಿಂದ ಬುತ್ತಿ ಬಿಟ್ಟು ಹೋದವನಲ್ಲ, ಕಸ್ತೂರಬಾಯಿ ಬಾಗಿಲಿಗೆ ಅಡ್ಡ ನಿಂತಳು. ಎಲ್ಲ ಹೇಳಿದೆ. ಮೊದಲು ಅವಳಿಗೆ ಅರ್ಧಂಬರ್ಧ ಹೆಮ್ಮೆಯಾಯಿತು, ತನ್ನ ಬುತ್ತಿಯ ಹೆಸರು ಅಷ್ಟು ದೂರ ಹೋಗಿದೆಯೆಂದು. ಆಮೇಲೆ ಗಂಭೀರವಾದಳು.

“ಆ ಹುಡುಗಿ ನಾಳಿ ದೊಡ್ಡ ಮಂದಿ ಮುಂದ ನಿಂತು ಇದನ್ನ ಖರೇ ಅಂತ ಹೇಳಾಕಿ. ಸುಳ್ಳು ನಿಮ್ಮದು, ಹೇಳಾಕಿ ಆಕಿ. ಹೋಗಿ ಹೇಳಿಬರ್ರಿ.”

ಸಂಸ್ಥೆಗೆ ಹೋಗಿ ಹೇಳಿದೆ. ಸ್ರವಂತಿ ಮೊದಲು ನಕ್ಕಳು, ನಗು ನಿಲ್ಲಲಿಲ್ಲ, ನಗುತ್ತಲೇ ಅಳು ಬಂತು. ನಾನು ಎದುರಿಗೆ ಕೂತು ನೆಲ ನೋಡಿದೆ. ನನ್ನ ಮಗಳ ವಯಸ್ಸಿನವಳು, ಎರಡು ಬೇಸಿಗೆ ನನ್ನ ಜೊತೆ ಬಿಸಿಲಲ್ಲಿ ಸುಟ್ಟುಕೊಂಡವಳು. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿಲ್ಲ.

ಇಬ್ಬರೂ ದೇಸಾಯಿ ಸರ್ ಹತ್ತಿರ ಹೋದೆವು. ಅವರು ಪೂರ್ತಿ ಕೇಳಿ, ಬೈಯದೆ, ಪೆನ್ನು ತೆಗೆದರು.

“ಡಬ್ಬಿಯೊಳಗ ಏನೇನಿತ್ತು? ಒಂದೂ ಬಿಡದ ಹೇಳ್ರಿ.”

ಹೇಳಿದೆ, ಬರೆದುಕೊಂಡರು. ಬೆಲ್ಲದ ಬಳಿ ನಿಲ್ಲಿಸಿ, ಉಂಡೆಯೋ ಅಚ್ಚೋ ಎಂದು ಕೇಳಿದರು. ಆಮೇಲೆ ಲೆಕ್ಕ ಬಿಡಿಸಿ ಹೇಳಿದರು. ಊರಿನ ಅಂಕಿಗಳು ಪೂರ್ತಿ ಹೋದವು, ಅದರಲ್ಲಿ ಎರಡು ಮಾತಿಲ್ಲ. ಹಳ್ಳಿಯವು ಚೊಕ್ಕವಾಗಿವೆ. ಗುಡ್ಡ ಒಡೆಯಲು ಒಂದು ತಿಂಗಳಿದೆ. ಓತಿಕ್ಯಾತಗಳಿಗೆ ಗೊತ್ತಿರುವುದು ಡಬ್ಬಿ ಮಾತ್ರವಾಗಿದ್ದರೆ ಮಾಣಿಕಪ್ಪ ಬರಿಗೈಯಲ್ಲಿ ಮತ್ತೆ ನಡೆದು ಊರಿನ ಅಂಕಿ ಹೊಸದಾಗಿ ತರಬಹುದು, ಪ್ರಬಂಧ ಉಳಿಯುತ್ತದೆ. ಮಾಣಿಕಪ್ಪನ ಗುರುತೇ ಅವಕ್ಕೆ ಹತ್ತಿಬಿಟ್ಟಿದ್ದರೆ ಮುಗಿಯಿತು. ಹೊಸಬನನ್ನು ನಡೆಸಬೇಕು, ಹಳ್ಳಿಯಲ್ಲೂ ಮೊದಲಿನಿಂದ ನಡೆಸಬೇಕು, ಅದಕ್ಕೆ ಹೊತ್ತೂ ಇಲ್ಲ, ಗುಡ್ಡವೂ ಇರುವುದಿಲ್ಲ.

ಹಾಗಾಗಿ ಪರೀಕ್ಷೆ ಗೊತ್ತಾಯಿತು. ಬೇರೆ ಬೇರೆ ಜನ, ಡಬ್ಬಿಯೊಂದಿಗೆ ಮತ್ತು ಡಬ್ಬಿಯಿಲ್ಲದೆ, ಎಲ್ಲರೂ ನನ್ನ ಖಾಕಿ ಅಂಗಿಯಲ್ಲೇ ನಡೆಯಬೇಕು. ಯಾರ ಸರದಿ ಯಾವಾಗ ಎಂದು ಚೀಟಿ ಎತ್ತಿ ತೀರ್ಮಾನ, ಎತ್ತುವವಳು ಭೀಮವ್ವ.

ಆ ಮೂರು ದಿನ ಅಲ್ಲಿ ನಡೆದದ್ದನ್ನು ಕಂಡವರು ಇಂದಿಗೂ ನಂಬುತ್ತಿಲ್ಲ. ದೇಸಾಯಿ ಸರ್ ದಪ್ಪ ಆಳು. ನನ್ನ ಅಂಗಿಯ ಎರಡು ಗುಂಡಿ ಹಾಕಲಾಗದೆ ಪಿನ್ನು ಚುಚ್ಚಿಕೊಂಡು, ಹೆಗಲಿಗೆ ನನ್ನ ಬುತ್ತಿ ತೂಗಹಾಕಿ, ಲೊಟಲೊಟ ಸದ್ದು ಮಾಡುತ್ತ ಒಂದು ಓತಿಕ್ಯಾತದ ಕಡೆಗೆ ಮೆರವಣಿಗೆ ಹೊರಟವರಂತೆ ನಡೆದರು. ಅದು ಓಡಲಿಲ್ಲ, ಅವರ ಬೂಟಿನವರೆಗೆ ಬಂತು. ಅದೇ ಅಂಗಿಯಲ್ಲಿ ಅವರೇ ಡಬ್ಬಿಯಿಲ್ಲದೆ ನಡೆದಾಗ ಪೈಲ್ವಾನ ಹನ್ನೊಂದು ಹೆಜ್ಜೆಗೆ ಓಡಿತು. ಕೆಲಸಗಾರರು ಕೆಲಸ ನಿಲ್ಲಿಸಿ ಸುತ್ತ ನಿಂತರು. ಇದು ಯಾವ ಸಿನೆಮಾ ಎಂದು ಒಬ್ಬ ಕೇಳಿದ. ಮಳೆ ಬರಿಸುವ ಪೂಜೆ ಇರಬೇಕು ಎಂದು ಇನ್ನೊಬ್ಬ ಹೇಳಿದ. ಸೀರೆಯ ಮೇಲೆ ನನ್ನ ಅಂಗಿ ತೊಟ್ಟು ಡಬ್ಬಿ ಹಿಡಿದು ನಡೆದ ಭೀಮವ್ವನ ಮುಂದೆ ಪೈಲ್ವಾನ ದಂಡ ಹೊಡೆದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸದ್ದಾಯಿತೆಂದು ಸ್ರವಂತಿ ಆ ನಡಿಗೆ ರದ್ದು ಮಾಡಿ ಮತ್ತೊಮ್ಮೆ ನಡೆಸಿದಳು. ಬಿಳಿ ಅಂಗಿಯ ಗೃಹಸ್ಥರು ಬಂದು, ಅಳತೆಗೆ ದೊಡ್ಡ ಅಧಿಕಾರಿಯೇ ಇಳಿದಿದ್ದಾರೆಂದು ತಿಳಿದು ದೇಸಾಯಿ ಸರ್‌ಗೆ ಎಳನೀರು ತರಿಸಿ ಕೊಟ್ಟರು.

ಡಬ್ಬಿಯ ಪಾತ್ರ ಸಂಶಯವಿಲ್ಲದೆ ಖಚಿತವಾಯಿತು. ಉಳಿದದ್ದು ನಾನು, ಬರಿಗೈಯಲ್ಲಿ. ಮಣಿಯಿದ್ದ ಉಳಿದವುಗಳ ಕಡೆಗೆ ನಡೆದೆ, ಎಲ್ಲವೂ ಹತ್ತು ಹನ್ನೆರಡು ಹೆಜ್ಜೆಗೆ ಓಡಿದವು. ದೇಸಾಯಿ ಸರ್ ತಲೆ ಅಲ್ಲಾಡಿಸಿದರು. ಇವೆಲ್ಲ ಈ ವರ್ಷದ ಮರಿಗಳು, ಮಾಣಿಕಪ್ಪನನ್ನು ಕೆಲವೇ ತಿಂಗಳಿಂದ ಬಲ್ಲವು. ಮನುಷ್ಯನ ಗುರುತು ಯಾವುದಕ್ಕಾದರೂ ಹತ್ತಿದ್ದರೆ ಎರಡು ವರ್ಷದ ಹಳೆಯ ಪೈಲ್ವಾನನಿಗೆ. ಅದು ಓಡಬೇಕು, ಆಗ ಮಾತ್ರ ಸರಿ ಎಂದರು. ಭೀಮವ್ವ ಎತ್ತಿದ ಚೀಟಿಗಳಲ್ಲಿ ಅದೇ ಕೊನೆಯದಾಗಿತ್ತು.

ಮೂರನೆಯ ದಿನ ಬೆಳಗಿನ ಬಿಸಿಲು. ಪೈಲ್ವಾನ ಎತ್ತರದ ಬಂಡೆಯ ನೆತ್ತಿಯಲ್ಲಿ ಕೂತಿತ್ತು, ಮೈ ಕಿತ್ತಳೆ ಬಣ್ಣಕ್ಕೆ ಉರಿಯುತ್ತಿತ್ತು. ಸ್ರವಂತಿ ದುರ್ಬೀನು ಕಣ್ಣಿಗೆ ಹಿಡಿದಿದ್ದಳು. ಮೂವತ್ತು ಹೆಜ್ಜೆಯಲ್ಲಿ ನಿಂತು ಮನಸ್ಸಿನಲ್ಲೇ ಓಡಪ್ಪಾ, ಆ ಹುಡುಗಿಗಾಗಿ ಓಡು ಎಂದು ಬೇಡಿಕೊಂಡೆ. ನಡೆಯತೊಡಗಿದೆ. ಇಪ್ಪತ್ತೈದಕ್ಕೆ ಅದು ತಲೆಯೆತ್ತಿ ನನ್ನ ಕಡೆ ತಿರುಗಿತು. ಇಪ್ಪತ್ತಕ್ಕೆ ಸ್ವಲ್ಪ ಓರೆಯಾಗಿ ನೋಡಿತು, ಊಟದ ಹೊತ್ತಿನಲ್ಲಿ ನೋಡುತ್ತಿದ್ದ ಹಾಗೆಯೇ. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿಗೆ ನನ್ನ ಬೇಡಿಕೆ ತಿರುಗಿಬಿತ್ತು. ಓಡಬೇಡ ಎಂದುಕೊಂಡೆ. ಹದಿನೈದಾಯಿತು, ಕದಲಲಿಲ್ಲ. ಸ್ರವಂತಿಯ ಪ್ರಬಂಧ ಮುಳುಗುತ್ತಿತ್ತು, ನನಗೆ ಹೆಜ್ಜೆ ಹೆಜ್ಜೆಗೂ ಸಂತೋಷವಾಗುತ್ತಿತ್ತು. ಹದಿನಾಲ್ಕು. ಹದಿಮೂರು.

ಪೈಲ್ವಾನ ಓಡಿತು. ಬಂಡೆಯ ಆಚೆ ಇಳಿದು ಬಿರುಕಿನಲ್ಲಿ ಸೇರಿಕೊಂಡಿತು. ನಾನು ಮರಳಿನ ಚೀಲ ಬೀಳಿಸಿದೆ.

ಸ್ರವಂತಿ ದುರ್ಬೀನು ಎಸೆದು ಓಡಿಬಂದಳು. ಟೇಪು ಹಿಡಿದು ಮತ್ತೆ ಮತ್ತೆ ಅಳೆದಳು. ಹನ್ನೆರಡು. ದೇಸಾಯಿ ಸರ್‌ಗೆ ಹನ್ನೊಂದಕ್ಕೆ ಓಡಿದ್ದು ನನಗೆ ಹನ್ನೆರಡಕ್ಕೇ ಓಡಿತ್ತು. ಉಳಿಯಿತು ಅಂಕಲ್, ಉಳಿಯಿತು ಎನ್ನುತ್ತ ನನ್ನ ಎರಡೂ ಕೈ ಹಿಡಿದುಕೊಂಡಳು. ನಾನೂ ನಕ್ಕೆ. ನೀವೇ ಬರೆಯಿರಿ ಎಂದು ನೋಟ್‌ಬುಕ್ ನನ್ನ ಕೈಗೆ ಕೊಟ್ಟಳು. ಕೆಂಪು-ನೀಲಿ-ಬಿಳಿಯ ಎದುರಿಗೆ ಹನ್ನೆರಡು ಎಂದು ಬರೆದೆ.

ಭೀಮವ್ವ ನನ್ನ ಮುಖ ನೋಡುತ್ತ ಹತ್ತಿರ ಬಂದಳು.

“ಯಾಕ್ರೀ ಯಣ್ಣಾ? ಅದು ಓಡಿದ್ದು ಛಲೋ ಆತಲ್ರಿ?”

“ಭಾಳ ಛಲೋ ಆತವ್ವಾ” ಎಂದೆ. ಗುಡ್ಡ ಒಡೆಯಲು ಇನ್ನು ಒಂದು ತಿಂಗಳೂ ಉಳಿದಿರಲಿಲ್ಲ, ಅಷ್ಟರೊಳಗೆ ಊರಿನ ಅಂಕಿ ಹೊಸದಾಗಿ ತರಬೇಕಿತ್ತು. ಕಣ್ಣೊರೆಸಿಕೊಂಡು ಮುಂದಿನ ಬಂಡೆಯಿಂದ ಮೂವತ್ತು ಹೆಜ್ಜೆ ಹಿಂದೆ ಸರಿದು ನಿಂತೆ.